ನಂದಿಯ ತಪ್ಪಲಿನಲ್ಲಿ ಒಂದು ದಿನ

ಬೆಂಗಳೂರಿನ ನಾಗರಿಕರಿಗೆ ನಂದಿದುರ್ಗವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ನಸುಕಿಗೆ ಮೊದಲೇ ಹೊರಟು, ಬೆಟ್ಟದ ಮೇಲೆ ನಿಂತು ಸೂರ್ಯೋದಯವನ್ನು ನೋಡಿ, ಮಂಜು ಕರಗುವುದರೊಳಗೆ ಮನೆಗೆ ಹಿಂದಿರುಗುವುದು ವಾಡಿಕೆಯಾಗಿದೆ. ಬೆಟ್ಟದ ಬುಡದಲ್ಲಿ ಏನಿದೆಯೆಂದು ಇಳಿದು ನೋಡುವವರು ವಿರಳ. ಈ ಹೊತ್ತು ತಮ್ಮನ್ನು ಆ ತಪ್ಪಲಿಗೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ನಡುವಣ ದ್ರಾಕ್ಷಿಯ ಸೀಮೆಗೆ ಕರೆದೊಯ್ಯಬೇಕೆಂಬುದು ನನ್ನ ಉದ್ದೇಶ. ಒಂದು ದಿನದ ಪ್ರಯಾಣ. ಫೆಬ್ರವರಿ ಇಲ್ಲವೆ ಮಾರ್ಚ್ ತಿಂಗಳಾದರೆ ಒಳ್ಳೆಯದು. ಆಗ ಕೊಯ್ಲಿನ ಕಾಲ.

ಮೊದಲು ವೈನ್ ತಯಾರಿಸುವ ಕಾರ್ಖಾನೆಗೆ ಹೋಗೋಣ. ಶ್ರೋತೃಗಳಲ್ಲಿ ಕೆಲವರು ಹುಬ್ಬೇರಿಸಿಯಾರು. ಪಾನದ ಸರಿತಪ್ಪುಗಳನ್ನು ವಿಚಾರ ಮಾಡಲು ನಾನು ಬಂದಿಲ್ಲ. ವೈದ್ಯರು ದ್ರಾಕ್ಷಾರಿಷ್ಟವನ್ನು ಕೊಟ್ಟಾಗ ನಮ್ಮ ಮನೆಗಳಲ್ಲಿ ಯಾರೂ ಹುಬ್ಬೇರಿಸುವುದಿಲ್ಲವೆಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇನೆ. ಕನ್ವಲ್ ಗ್ರೋವರ್ ಎಂಬ ಉದ್ಯಮಿಗಳು ಫ್ರಾನ್ಸಿನ ಷಾಂಪೇನ್ ಪ್ರಾಂತದ ತಜ್ಞರಾದ ಜಾರ್ಜ್ ವೆಸೆಲ್ ಅವರ ನೆರವಿನಿಂದ ಈ ತಪ್ಪಲಿನಲ್ಲಿ ಫ್ರೆಂಚ್ ಬಳ್ಳಿಗಳ ತೋಟವನ್ನು ಹಾಕಿದ್ದು 1988ರಲ್ಲಿ. ಸುಮಾರು 3,000 ಅಡಿಗಳ ಎತ್ತರ, ಹಗಲಿನ ಬಿಸಿಲು, ರಾತ್ರಿಯ ತಂಪು, ನೀರು ನಿಲ್ಲದ ಕೆಂಪು ನೆಲ, ಇವು ಅವರನ್ನು ಇಲ್ಲಿಗೆ ಎಳೆದುವು. 2007ರಲ್ಲಿ ಸರ್ಕಾರವು ದ್ರಾಕ್ಷಾ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿದ ಮೇಲೆ ಈ ಉದ್ಯಮಕ್ಕೆ ಇನ್ನಷ್ಟು ಪ್ರೋತ್ಸಾಹ ದೊರೆಯಿತು.

ಕಾರ್ಖಾನೆಯೊಳಗಿನ ರಹಸ್ಯ ನಮ್ಮ ಗೃಹಿಣಿಯರಿಗೆ ತಿಳಿಯದುದೇನಲ್ಲ. ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾಗುವುದರೊಳಗೆ ಉಕ್ಕಿ ಹುಳಿಯಾಗುವುದು ಸೂಕ್ಷ್ಮ ಜೀವಿಗಳ ಕೆಲಸ; ಹಿಂಡಿದ ದ್ರಾಕ್ಷಿಯ ಸಕ್ಕರೆಯನ್ನು ತಿಂದು ಮದ್ಯಸಾರವನ್ನು ಬಿಡುವುದೂ ಅಂಥದೇ ಒಂದು ಜೀವಿ, ಯೀಸ್ಟ್. ವಿನೋದವೇನೆಂದರೆ, ಕಪ್ಪು ದ್ರಾಕ್ಷಿಯನ್ನು ಹಿಂಡಿದರೂ ಬರುವ ರಸ ಬಹುಮಟ್ಟಿಗೆ ಬಿಳುಪೇ. ಬಣ್ಣವಿರುವುದು ಸಿಪ್ಪೆಯಲ್ಲಿ. ಸಿಪ್ಪೆಯೊಡನೆ ಹುಳಿಯಬಿಟ್ಟರೆ ಕೆಂಪು ವೈನ್, ಸಿಪ್ಪೆಯನ್ನು ಮೊದಲೇ ಬೇರ್ಪಡಿಸಿದರೆ ಬಿಳಿಯದು. ಉಕ್ಕಿನ ತೊಟ್ಟಿಗಳು, ಓಕ್ ಮರದ ಪೀಪಾಯಿಗಳು, ರುಚಿ ನೋಡುವ ಕೊಠಡಿ, ಇವನ್ನೆಲ್ಲ ಮಾರ್ಗದರ್ಶಕರು ಸೊಗಸಾಗಿ ತೋರಿಸುತ್ತಾರೆ. ಬಂದವರ ಗಮನ ಸಾಮಾನ್ಯವಾಗಿ ಕೊನೆಯ ಕೊಠಡಿಯ ಮೇಲೆಯೇ ಇರುತ್ತದೆ.

ನನ್ನ ಗಮನ ಸೆಳೆದುದು ಹೊರಗಿನ ತೋಟ. ಫ್ರಾನ್ಸಿನಲ್ಲಿ ಚಳಿಗಾಲ ಬಂತೆಂದರೆ ಬಳ್ಳಿ ಎಲೆಯುದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಆದುದರಿಂದ ವರ್ಷಕ್ಕೆ ಎರಡು ಬಾರಿ ಅದನ್ನು ಸವರಬೇಕು: ಬೇಸಗೆಯಲ್ಲಿ ಒಮ್ಮೆ ಕೊಂಬೆ ಬಲಿಯುವುದಕ್ಕಾಗಿ, ಮಳೆಗಾಲದ ಕೊನೆಗೆ ಮತ್ತೊಮ್ಮೆ ಹಣ್ಣಿಗಾಗಿ. ಮಳೆಯ ತೇವದಲ್ಲಿ ಬೂಜುರೋಗ ಬರುತ್ತದೆ. ಅದಕ್ಕೆ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿಗೆಂದು ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಪ್ರಚುರಪಡಿಸಿದ ಈ ಔಷಧವನ್ನೇ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಪ್ರಯೋಗಿಸಿದರು. ಇಂದಿಗೂ ಮುಂಗಾರಿನಲ್ಲಿ ಅಡಕೆಯ ಮರವೇರಿ ಇದನ್ನು ಸಿಂಪಡಿಸುತ್ತಾರೆ. ವೈನಿನ ವಾಸನೆಯನ್ನೂ ಸಹಿಸದ ಎಷ್ಟೋ ಮನೆಗಳ ಅಡಕೆಯನ್ನು ಉಳಿಸಿದ್ದು ವೈನಿನ ನಾಡಿನ ಔಷಧವೇ!

ಕಾರ್ಖಾನೆಯಿಂದ ಹೊರಟು ಹಳ್ಳಿಯ ದಾರಿ ಹಿಡಿದರೆ, ಕಲ್ಲುಕಂಬಗಳ ಮೇಲೆ ಹಬ್ಬಿದ ಚಪ್ಪರಗಳು ಕಾಣುತ್ತವೆ. ಇದು ‘ಬೆಂಗಳೂರು ನೀಲಿ’ ದ್ರಾಕ್ಷಿ. ಹೆಸರು ನಮ್ಮದಾದರೂ ಇದರ ಮೂಲ ಕುಲ ಅಮೆರಿಕದ್ದು. ಬೀಜವುಳ್ಳ, ಹುಳಿ ಬೆರೆತ ಸಿಹಿಯ, ದೂರದಿಂದಲೇ ಮೂಗಿಗೆ ತಾಗುವ ಪರಿಮಳದ ಹಣ್ಣು. ಆ ಪರಿಮಳವೇ ಫ್ರೆಂಚ್ ಪದ್ಧತಿಯ ವೈನ್ ಪಂಡಿತರಿಗೆ ಸೇರದು. ಪೋರ್ಟ್ ಎಂಬ ಹೆಸರಿನ ಅಗ್ಗದ ಸಿಹಿ ವೈನಿಗೂ ಹಣ್ಣಿನ ಪಾನಕಗಳಿಗೂ ಇದನ್ನು ಬಳಸುತ್ತಾರೆ. ಬಾಲ್ಯದಿಂದ ಇದನ್ನು ತಿಂದು ಬೆಳೆದ ನನಗೆ ಪಂಡಿತರ ತೀರ್ಪು ಒಪ್ಪಿಗೆಯಿಲ್ಲ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ಮನ್ನಣೆಯಿಂದ ಮಾರುಕಟ್ಟೆಯ ದರ ಏರಲೇಬೇಕೆಂಬ ನಿಯಮವಿಲ್ಲವಷ್ಟೆ. 2020ರ ಬೇಸಗೆಯಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಕೊಯ್ಲಿಗೆ ಬಂದ ಹಣ್ಣನ್ನು ಕೊಳ್ಳುವವರಿಲ್ಲದೆ ಈ ಸೀಮೆಯ ಬೆಳೆಗಾರರು ಕಂಗೆಟ್ಟರು.

ಚಪ್ಪರದ ನೆರಳಿನಲ್ಲಿ ನಮಗೆ ಹಣ್ಣು ಕೊಟ್ಟ ಹಿರಿಯ ರೈತರೊಬ್ಬರನ್ನು, ರಾಗಿಯನ್ನು ಬಿಟ್ಟು ಇದನ್ನೇಕೆ ಹಿಡಿದಿರೆಂದು ಕೇಳಿದೆ. “ವರ್ಷಕ್ಕೆ ಎರಡು ಫಸಲು ಬರುತ್ತೆ ಸ್ವಾಮಿ, ಅದಕ್ಕೇ. ಆದರೆ ರಾಗಿ ಒಣಗಿದರೆ ಒಂದು ವರ್ಷ ಹೋಯಿತು ಅಂದ್ಕೋಬಹುದು. ಬೋರು ಬತ್ತಿ ಬಳ್ಳಿ ಒಣಗಿದರೆ, ಕಂಬ, ತಂತಿ, ಸಾಲ ಎಲ್ಲಾ ನಿಂತೇ ಇರುತ್ತೆ,” ಎಂದರು. ಅವರ ಜಮೀನಿನಲ್ಲಿ ಮೂರು ಬಾವಿಗಳು ಆಗಲೇ ಬತ್ತಿದ್ದುವು. ನಾಲ್ಕನೆಯದು ಸಾವಿರ ಅಡಿಗೂ ಕೆಳಗೆ ಹೋಗಿತ್ತು.

ಈ ಮಾತನ್ನು ಕೇಳಿದ ಮೇಲೆ ನಂದಿಯ ಸಾಲನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಅರ್ಕಾವತಿ, ಪಾಲಾರ್, ಉತ್ತರ ಮತ್ತು ದಕ್ಷಿಣ ಪಿನಾಕಿನಿಗಳು ಹುಟ್ಟುವುದು ಈ ಬೆಟ್ಟಗಳ ಸುತ್ತಮುತ್ತಲೇ. ನಾಲ್ಕು ನದಿಗಳ ತವರಿನಲ್ಲಿ ಹರಿಯುವ ನೀರಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿಗೆ ಮೊದಲು ಕೊಳಾಯಿಯ ನೀರನ್ನು ಕೊಟ್ಟ ಹೆಸರಘಟ್ಟದ ಕೆರೆಯೂ, 1930ರ ದಶಕದಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿಯ ಜಲಾಶಯವೂ ಅರ್ಕಾವತಿಯವೇ. ನಗರ ಈ ಸೀಮೆಯ ನೀರನ್ನು ದಶಕಗಳ ಕಾಲ ಕುಡಿಯಿತು. ಈಗ ಪ್ರವಾಹ ಹಿಂದುಮುಂದಾಗಿದೆ: 2018ರಿಂದ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗಳ ಕೊಳಚೆ ನೀರನ್ನು ಶುದ್ಧಿಗೊಳಿಸಿ ಕೋಲಾರದ ಕೆರೆಗಳಿಗೂ, ಆಮೇಲೆ ಹೆಬ್ಬಾಳ ನಾಗವಾರಗಳ ಕಡೆಯಿಂದ ಚಿಕ್ಕಬಳ್ಳಾಪುರದ ಕೆರೆಗಳಿಗೂ ಪಂಪುಗಳ ಮೂಲಕ ಏರಿಸುತ್ತಿದ್ದಾರೆ. ಕಾವೇರಿಯಿಂದ ಬಂದು, ನಮ್ಮ ಸ್ನಾನದ ಮನೆಗಳನ್ನೂ ಅಡಿಗೆಯ ಮನೆಗಳನ್ನೂ ಹಾದ ನೀರು ಅದು.

ಕೆರೆ ತುಂಬಿದಾಗ ಸುತ್ತಲ ಬಾವಿಗಳಲ್ಲಿ ನೀರು ಮೇಲೆ ಬಂದಿತೆಂದು ಹಳ್ಳಿಗರು ಸಂತೋಷದಿಂದಲೇ ಹೇಳುತ್ತಾರೆ. ಆದರೆ ಆ ನೀರು ಇಂಗಿ ಸೇರುವುದು ಅವರು ಕುಡಿಯುವ ಬಾವಿಗಳಿಗೆ. ಎರಡು ಹಂತಗಳ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಆಗಬೇಕೆಂದು ಈ ಜಿಲ್ಲೆಗಳ ರೈತರು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಕೇಳುತ್ತಿರುವುದು ನಮ್ಮ ನಗರವನ್ನು.