ದಯೆಗೊಂದು ಕರಾರು

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ದಯೆಯ ಕುರಿತಾದ ಬಸವಣ್ಣನವರ ವಚನ ನಮ್ಮೆಲ್ಲರ ನಾಲಗೆಯ ಮೇಲಿದೆ. ಅದನ್ನು ಮತ್ತೆ ಹೇಳಲು ನಾನು ಬಂದಿಲ್ಲ. ನಾನು ಕೆರೆ-ಕಾಲುವೆಗಳ ಕೆಲಸ ಮಾಡಿ ನಿವೃತ್ತನಾದ ಇಂಜಿನಿಯರ್. ದೂರದ ಒಂದು ಊರು ದಯೆಯನ್ನು ಲೆಕ್ಕ ಮತ್ತು ಕರಾರಿಗೆ ಇಳಿಸಿದ್ದು ಹೇಗೆ, ಅದರಿಂದ ನಾವು ಕಲಿಯಬೇಕಾದದ್ದೇನು, ಇಷ್ಟನ್ನು ಹೇಳುತ್ತೇನೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಣ್ಣ ಊರಿನ ಕ್ವಾರ್ಟರ್ಸ್‌ನಲ್ಲಿದ್ದೆ. ಬೀದಿನಾಯಿಗಳ ಕಾಟ ಹೆಚ್ಚಾಯಿತೆಂದು ಕಾಲೊನಿಯವರೆಲ್ಲ ಸೇರಿ ಅರ್ಜಿ ಬರೆದೆವು. ಮೊದಲ ಸಹಿ ನನ್ನದು. ಒಂದು ಬೆಳಗಿನ ಜಾವ ವಿಷವಿಟ್ಟು ಕೊಂದು, ಗಾಡಿಯಲ್ಲಿ ತುಂಬಿಕೊಂಡು ಹೋದರು. ನಮ್ಮ ಮನೆಯ ಮೆಟ್ಟಿಲ ಬಳಿ ಮಲಗುತ್ತಿದ್ದ ಕಂದು ನಾಯಿಯೂ ಅದರಲ್ಲಿತ್ತು. ಹಿಂದಿನ ರಾತ್ರಿ ಅದಕ್ಕೆ ರೊಟ್ಟಿ ಹಾಕಿದವನು ನಾನೇ. ಆ ಅರ್ಜಿಗೆ ಸಹಿ ಹಾಕಿದ ದಿನ ಇಷ್ಟಲಿಂಗ ಪೂಜೆ ಮುಗಿಸಿಯೇ ಹೊರಗೆ ಬಂದಿದ್ದೆ. ಆರು ತಿಂಗಳಲ್ಲಿ ಅಷ್ಟೇ ನಾಯಿಗಳು ಮತ್ತೆ ಬಂದವು. ಕಸದ ತೊಟ್ಟಿ ಇದ್ದ ಹಾಗೆಯೇ ಇತ್ತು.

ಈಗ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಕಥೆ. ಅಲ್ಲಿ ದಿಕ್ಕಿಲ್ಲದ ನಾಯಿ, ಬೆಕ್ಕುಗಳನ್ನು ಆಶ್ರಯ ಕೇಂದ್ರಕ್ಕೆ ಸೇರಿಸುತ್ತಾರೆ. ಸಾಕಿದವರೇ ಬೇಡವೆಂದು ತಂದು ಬಿಟ್ಟವೂ ಇರುತ್ತವೆ. ಹಿಂದೆ ಜಾಗ ತುಂಬಿದರೆ ಚುಚ್ಚುಮದ್ದು ಕೊಟ್ಟು ಕೊಲ್ಲುತ್ತಿದ್ದರು. ಅದಕ್ಕೆ ಕನ್ನಡದಲ್ಲಿ ‘ದಯಾಮರಣ’ ಎನ್ನುತ್ತೇವೆ. ವಾಸಿಯಾಗದ ನೋವಿನಲ್ಲಿ ನರಳುವ ಜೀವದ ವಿಷಯದಲ್ಲಿ ಆ ಮಾತನ್ನು ಒಪ್ಪಬಹುದು. ಗಟ್ಟಿಮುಟ್ಟಾದ ನಾಯಿಯನ್ನು ಜಾಗವಿಲ್ಲವೆಂದು ಕೊಂದರೆ ಅದರಲ್ಲಿ ದಯೆ ಎಲ್ಲಿದೆ? ಬಸವಣ್ಣನವರ ಮಾತನ್ನು ಹೀಗೆ ಸಾವಿಗೆ ಅಂಟಿಸುವುದು ನಮಗೆ ತರವಲ್ಲ.

ಆ ಊರಿನ ಪ್ರಾಣಿದಯಾ ಸಂಘವೇ ದಶಕಗಳ ಕಾಲ ನಗರಾಡಳಿತದ ಪರವಾಗಿ ನಾಯಿ ಹಿಡಿಯುವ, ಕೊಲ್ಲುವ ಕೆಲಸವನ್ನೂ ಮಾಡುತ್ತಿತ್ತು. ಸಂಘದ ಅಧ್ಯಕ್ಷರಾಗಿದ್ದ ರಿಚರ್ಡ್ ಅವಾಂಜಿನೊ ಆ ಗುತ್ತಿಗೆ ಸಾಕೆಂದರು. 1989ರಲ್ಲಿ ನಗರವೇ ಅದಕ್ಕೊಂದು ಇಲಾಖೆ ಮಾಡಿಕೊಂಡಿತು. 1994ರಲ್ಲಿ ಸಂಘಕ್ಕೂ ಇಲಾಖೆಗೂ ಲಿಖಿತ ಕರಾರಾಯಿತು. ಇಲಾಖೆ ಬಂದ ಪ್ರಾಣಿಯನ್ನೆಲ್ಲ ಸೇರಿಸಿಕೊಳ್ಳಬೇಕು, ಕಾನೂನಿನ ಕೆಲಸ ನೋಡಬೇಕು. ಆರೋಗ್ಯವಾಗಿರುವ, ಸಾಧು ಸ್ವಭಾವದ ಯಾವ ನಾಯಿ-ಬೆಕ್ಕಿಗೆ ಇಲಾಖೆಯಿಂದ ಮನೆ ಸಿಗದಿದ್ದರೂ ಅದನ್ನು ಸಂಘ ತೆಗೆದುಕೊಳ್ಳಬೇಕು, ಮನೆ ಹುಡುಕಿಕೊಡಬೇಕು. ಚಿಕಿತ್ಸೆಯಿಂದ ಗುಣವಾಗುವಂಥವನ್ನೂ ಕೈಲಾದಷ್ಟು ಉಳಿಸಬೇಕು. ತೀರಾ ಕಾಯಿಲೆಯ, ಮೈಮೇಲೆ ಬೀಳುವ ಪ್ರಾಣಿಗಳ ಸಾವು ಅಲ್ಲಿಯೂ ನಿಲ್ಲಲಿಲ್ಲ. ಯಾವುದನ್ನು ‘ಸಾಕಲು ಯೋಗ್ಯ’ ಎನ್ನಬೇಕೆಂಬ ವಾದವೂ ನಡೆಯಿತು. ಆದರೆ ಜಾಗವಿಲ್ಲ ಎಂಬ ಕಾರಣಕ್ಕೆ ಆರೋಗ್ಯವಂತ ಪ್ರಾಣಿ ಸಾಯಬಾರದು ಎಂಬ ಮಾತು ಕಾಗದದ ಮೇಲೆ ಬಂತು.

ಇದು ನನಗೆ ಕೆರೆಯ ಲೆಕ್ಕದಂತೆ ಕಾಣುತ್ತದೆ. ಕೆರೆಗೆ ಒಳಹರಿವು ಇದೆ, ತೂಬು ಇದೆ, ಕೋಡಿ ಇದೆ. ಒಳಹರಿವು ಹೆಚ್ಚಾಗಿ ತೂಬು ಸಾಲದಾದರೆ ಕೋಡಿ ಬೀಳುತ್ತದೆ. ಆಶ್ರಯ ಕೇಂದ್ರದಲ್ಲಿ ಕೋಡಿ ಎಂದರೆ ಸಾವು. ಸಂಘ ಕಡಿಮೆ ಖರ್ಚಿನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಒಳಹರಿವು ತಗ್ಗಿಸಿತು. ಪ್ರಾಣಿಗಳನ್ನು ಜನರಿರುವಲ್ಲಿಗೇ ಕರೆದೊಯ್ದು ದತ್ತು ಕೊಟ್ಟು ತೂಬನ್ನು ದೊಡ್ಡದು ಮಾಡಿತು. ಎರಡೂ ಬೇಕು. ಒಂದನ್ನೇ ಮಾಡಿದರೆ ಕೋಡಿ ನಿಲ್ಲುವುದಿಲ್ಲ.

ನಮ್ಮ ನಾಡಿನ ಪರಿಸ್ಥಿತಿ ಬೇರೆ. ನಮ್ಮ ನಾಯಿಗಳು ಬೀದಿಯಲ್ಲೇ ಹುಟ್ಟಿ ಬೀದಿಯಲ್ಲೇ ಬದುಕುತ್ತವೆ. 2001ರ ನಿಯಮಗಳೂ ಅವುಗಳ ಬದಲಿಗೆ ಬಂದ 2023ರ ನಿಯಮಗಳೂ ಸಾರಾಸಗಟಾಗಿ ಕೊಲ್ಲುವುದಕ್ಕೆ ಅವಕಾಶ ಕೊಡುವುದಿಲ್ಲ. ಸ್ಥಳೀಯ ಸಂಸ್ಥೆ ನಾಯಿಯನ್ನು ಹಿಡಿಸಿ, ಶಸ್ತ್ರಚಿಕಿತ್ಸೆ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ಬಿಡಬೇಕು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಆವರಣಗಳ ನಾಯಿಗಳನ್ನು ಮತ್ತೆ ಅಲ್ಲಿಗೆ ಬಿಡದೆ ಆಶ್ರಯ ಕೇಂದ್ರಕ್ಕೆ ಸಾಗಿಸಬೇಕೆಂದು ಆದೇಶಿಸಿತು. ನಮ್ಮ ಮಠಗಳು ನಡೆಸುವ ಶಾಲಾ-ಕಾಲೇಜುಗಳೂ ಇದರಲ್ಲಿ ಬರುತ್ತವೆ. ಅಂದರೆ ನಮ್ಮಲ್ಲೂ ಕೇಂದ್ರಗಳು ತುಂಬುವ ಕಾಲ ಬಂದಿದೆ. ತುಂಬಿದ ಮೇಲೆ ಏನು? ಈ ಪ್ರಶ್ನೆಗೆ ಉತ್ತರವನ್ನು ಈಗಲೇ ಬರೆದಿಡಬೇಕು.

ಮಗುವಿಗೆ ನಾಯಿ ಕಚ್ಚಿದ ತಾಯಿಯ ಮುಂದೆ ಈ ಮಾತಾಡುವುದು ಸುಲಭವಲ್ಲ, ಬಲ್ಲೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಆದ್ದರಿಂದಲೇ ಹೇಳುತ್ತೇನೆ: ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಬಿದ್ದರೆ ರೋಗ ಹರಡುವುದು ನಿಲ್ಲುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಗುವನ್ನು ಉಳಿಸುವ ದಾರಿಯೂ ನಾಯಿಯನ್ನು ಉಳಿಸುವ ದಾರಿಯೂ ಇಲ್ಲಿ ಒಂದೇ.

ಪೂಜ್ಯರಲ್ಲಿ, ನಿಮ್ಮಲ್ಲಿ ನನ್ನ ಬಿನ್ನಹ ಮೂರು. ಒಂದು, ಮಠವೂ ಪುರಸಭೆಯೂ ಕರಾರು ಮಾಡಿಕೊಳ್ಳಲಿ. ಹಿಡಿಯುವುದು, ಶಸ್ತ್ರಚಿಕಿತ್ಸೆ, ಲಸಿಕೆ ಪುರಸಭೆಯದು. ಚಿಕಿತ್ಸೆಯಾದ ನಾಯಿಗಳು ಚೇತರಿಸಿಕೊಳ್ಳಲು ಒಂದು ಶೆಡ್ಡು, ನೋಡಿಕೊಳ್ಳಲು ಕಾಯಕಕ್ಕೆ ಜನ ಮಠದ್ದು. ಎರಡು, ದಾಸೋಹದಲ್ಲಿ ಉಳಿದ ಅನ್ನ ರಸ್ತೆಯ ಕಸಕ್ಕೆ ಬೀಳದಿರಲಿ. ಶಾಲೆಯಿಂದ ದೂರ, ಗೊತ್ತಾದ ಜಾಗದಲ್ಲಿ, ಗೊತ್ತಾದ ಹೊತ್ತಿಗೆ ಹಾಕೋಣ. ಮೂರು, ರಾತ್ರೋರಾತ್ರಿ ಮರಿಗಳನ್ನು ಮಠದ ಬಾಗಿಲಲ್ಲಿ ಬಿಟ್ಟುಹೋಗುವವರು ನಮ್ಮವರೇ. ಅವರು ಹಗಲಲ್ಲೇ ಬರಲಿ. ತಿಂಗಳ ಗೋಷ್ಠಿಯಲ್ಲಿ ಮರಿಗಳ ವಿಷಯ ತಿಳಿಸೋಣ, ಸಾಕುವ ಮನೆ ಹುಡುಕೋಣ. ದುಡ್ಡು ಕೊಟ್ಟು ಜಾತಿನಾಯಿ ತರುವ ಮುಂಚೆ ಇವುಗಳ ಮುಖ ನೋಡಿ. ಜಾತಿ ಕೇಳಬಾರದೆಂದು ಕಲಿತವರು ನಾವು.

ಅಂದಿನ ಅರ್ಜಿಗೆ ನನ್ನದು ಮೊದಲ ಸಹಿಯಾಗಿತ್ತು. ಈ ಕರಾರು ಸಿದ್ಧವಾದರೆ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಲು ನನ್ನನ್ನೂ ಕರೆಯಿರಿ.