ಟ್ರೈಲರ್ ಕಟ್ಟೋ ಮೊದಲು ನೊಗ ಎತ್ತಿ ನೋಡಿ



ಕೆಲಸ ಕರೆದ ಊರಿಗೆ ಗಂಟುಮೂಟೆ ಕಟ್ಟೋದು ನಮಗೆಲ್ಲ ರೂಢಿಯೇ. ಇಲ್ಲಿ ಬ್ರಿಟನ್ನಿನಲ್ಲಿ ವ್ಯಾನ್ ಬಾಡಿಗೆ ಉಳಿಸೋಕೆ ಕೆಲವರು ಸ್ವಂತ ಕಾರಿಗೇ ಟ್ರೈಲರ್ ಕಟ್ಟಿಕೊಳ್ತಾರೆ. ಲೆಸ್ಟರ್‌ನಿಂದ ಲೀಡ್ಸ್‌ಗೆ ಹೋಗುವಾಗ ನಾನೂ ಅದನ್ನೇ ಮಾಡಿದೆ.

1997ರಿಂದೀಚೆ ಕಾರ್ ಲೈಸೆನ್ಸ್ ಪಡೆದವರಿಗೆ ದೊಡ್ಡ ಟ್ರೈಲರ್ ಎಳೆಯಲು ಬೇರೆ ಪರೀಕ್ಷೆ ಇತ್ತು. 2021ರ ಡಿಸೆಂಬರ್‌ನಿಂದ ಅದಿಲ್ಲ. ಕಾರಿಗೆ ತಾಕತ್ತಿದ್ದರೆ 3,500 ಕಿಲೋವರೆಗೆ ಎಳೆಯಬಹುದು. ಕಾನೂನು ಬಿಟ್ಟಿತು ಅಂತ ಕೈಗೆ ವಿದ್ಯೆ ಬರಲ್ಲ ನೋಡಿ.

ನನ್ನದು ಬ್ರೇಕ್ ಇಲ್ಲದ ಸಣ್ಣ ಟ್ರೈಲರ್. ಅಂಥದ್ದು ಸಾಮಾನು ಸೇರಿ 750 ಕಿಲೋ ಅಥವಾ ಕಾರಿನ ತೂಕದ ಅರ್ಧ, ಯಾವುದು ಕಡಿಮೆಯೋ ಅದನ್ನ ಮೀರಬಾರದು. ನಾನು ಮೀರಿರಲಿಲ್ಲ. ಆದರೆ ಇಳಿಸೋಕೆ ಸುಲಭ ಅಂತ ವಾಷಿಂಗ್ ಮೆಷಿನ್, ಗ್ರೈಂಡರ್, ಅಕ್ಕಿ ಚೀಲ ಎಲ್ಲ ಹಿಂದಿನ ಬಾಗಿಲ ಹತ್ತಿರ ಇಟ್ಟಿದ್ದೆ.

ಎಂ1ರಲ್ಲಿ ಒಂದು ಇಳಿಜಾರು. ಪಕ್ಕದಲ್ಲಿ ದೊಡ್ಡ ಲಾರಿ ಹಾದುಹೋಗಿದ್ದೇ ತಡ, ಟ್ರೈಲರ್ ಓಲಾಡಿತು. ಆಮೇಲೆ ಅದು ಕಾರನ್ನೇ ಓಲಾಡಿಸಿತು. ಹಿಂದಿನ ಸೀಟಲ್ಲಿ ಮಗಳು. ಬ್ರೇಕ್ ಒತ್ತಿದೆ, ಇನ್ನೂ ಜೋರಾಯ್ತು. ಕೊನೆಗೆ ಕಾಲು ತೆಗೆದು ಸ್ಟೇರಿಂಗ್ ನೇರ ಹಿಡಿದು ಕೂತೆ. ವೇಗ ತಾನಾಗೇ ಇಳಿಯಿತು, ಓಲಾಟವೂ ನಿಂತಿತು. ಜಾಣತನ ಅಲ್ಲ, ಕೈಕಾಲು ಮರಗಟ್ಟಿತ್ತು. ಮಾಡಬೇಕಾದ್ದೂ ಅದೇ ಅಂತ ಆಮೇಲೆ ತಿಳೀತು: ಜೋರಾಗಿ ಬ್ರೇಕ್ ಹಾಕಬಾರದು, ಆಕ್ಸಿಲರೇಟರ್ ಒತ್ತಿ ತಪ್ಪಿಸಿಕೊಳ್ಳೋಕೂ ಹೋಗಬಾರದು, ಸ್ಟೇರಿಂಗ್ ಅತ್ತಿತ್ತ ಎಳೀಬಾರದು.

ಮುಂದಿನ ಸರ್ವೀಸಸ್‌ನಲ್ಲಿ ನಿಲ್ಲಿಸಿದಾಗ ಹೆಂಡತಿ ಕೇಳಿದಳು, "ಮಾವ ಎತ್ತಿನ ಗಾಡಿ ತುಂಬಿದ ಮೇಲೆ ಏನು ಮಾಡ್ತಿದ್ರು?"

ಅಪ್ಪ ನೊಗ ಎತ್ತಿ ನೋಡ್ತಿದ್ರು. ಹಿಂಭಾರ ಆದರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆ ಬಿಗಿಯುತ್ತೆ, ಮುಂಭಾರ ಆದರೆ ಹೆಗಲು ಒಡೆಯುತ್ತೆ. ಇಷ್ಟು ಗೊತ್ತಿದ್ದ ಮನೆಯವನು ನಾನು! ಮಳೆಯಲ್ಲೇ ಎಲ್ಲ ಇಳಿಸಿ ಮತ್ತೆ ತುಂಬಿದ್ವಿ. ಭಾರದ ಸಾಮಾನು ತಳದಲ್ಲಿ, ಅಚ್ಚಿನ ಮೇಲೆ, ಒಂಚೂರು ಮುಂದಕ್ಕೆ. ಕೊಂಡಿಯ ಮೇಲೆ ಬೀಳೋ ಭಾರ ಟ್ರೈಲರ್ ತೂಕದ ನೂರಕ್ಕೆ ಸುಮಾರು 7 ಪಾಲು ಇದ್ದರೆ ಒಳ್ಳೇದು. ಕಾರಿನ ಹ್ಯಾಂಡ್‌ಬುಕ್ ಹೇಳೋ ಮಿತಿ ಮಾತ್ರ ದಾಟಬಾರದು. ಮನೇಲಿ ನಾವು ತೂಕ ನೋಡಿಕೊಳ್ಳೋ ಯಂತ್ರ ಕೊಂಡಿ ಕೆಳಗಿಟ್ಟು, ನಡುವೆ ಒಂದು ಮರದ ತುಂಡು ನಿಲ್ಲಿಸಿದರೆ ಲೆಕ್ಕ ಸಿಗುತ್ತೆ.

ಮಿಕ್ಕಿದ್ದು ನಿಮಗೆ ಗೊತ್ತಿರಬಹುದು. ಟ್ರೈಲರ್‌ಗೂ ಕಾರಿನದೇ ನಂಬರ್ ಪ್ಲೇಟ್. ದೀಪಗಳನ್ನ ಹಿಂದೆ ಒಬ್ಬರನ್ನ ನಿಲ್ಲಿಸಿ ನೋಡಿ. ಮೋಟರ್‌ವೇಯಲ್ಲಿ ಗಂಟೆಗೆ 60 ಮೈಲಿ ದಾಟೋ ಹಾಗಿಲ್ಲ, ಮೂರು ಲೇನಿದ್ದರೆ ಬಲತುದಿಯದಕ್ಕೆ ಹೋಗೋ ಹಾಗಿಲ್ಲ.

ರಿವರ್ಸ್ ಮಾತ್ರ ಖಾಲಿ ಜಾಗದಲ್ಲಿ ಮೊದಲೇ ಕಲಿಯಿರಿ. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೈಲರ್ ಎಡಕ್ಕೆ ಹೋಗುತ್ತೆ. ನಾನು ಅದನ್ನ ಕಲಿತದ್ದು ಲೀಡ್ಸ್‌ನ ಹೊಸ ಮನೆ ಮುಂದೆ, ಅಕ್ಕಪಕ್ಕದವರೆಲ್ಲ ಕಿಟಕಿಯಲ್ಲಿ ನಿಂತು ನೋಡ್ತಿದ್ದಾಗ.