ಮೂರು ಕೋನಗಳಿಂದ ಎಷ್ಟು ದೂರ?



ಹತ್ತನೇ ತರಗತಿ ಓದಿದವರೆಲ್ಲ ತ್ರಿಕೋನಮಿತಿಯ ಒಂದು ಕೋಷ್ಟಕವನ್ನು ಬಾಯಿಪಾಠ ಮಾಡಿರುತ್ತಾರೆ: 30, 45, 60 ಡಿಗ್ರಿಗಳ ಸೈನ್, ಕೊಸೈನ್ ಬೆಲೆಗಳು. ಸಮಬಾಹು ತ್ರಿಭುಜವನ್ನು ನಡುವೆ ಸೀಳಿದರೆ 30 ಮತ್ತು 60 ಸಿಗುತ್ತವೆ. ಚೌಕಕ್ಕೆ ಕರ್ಣ ಎಳೆದರೆ 45. ಸೈನ್ 30 ಎಂದರೆ ಅರ್ಧ. ಸೈನ್ 45 ಎಂದರೆ ಎರಡರ ವರ್ಗಮೂಲದ ಅರ್ಧ. ಸೈನ್ 60 ಎಂದರೆ ಮೂರರ ವರ್ಗಮೂಲದ ಅರ್ಧ. ಹಾಗಾದರೆ 75 ಡಿಗ್ರಿಗೆ?

45ಕ್ಕೆ 30 ಸೇರಿದರೆ 75. ಆದರೆ ಅವುಗಳ ಸೈನ್‌ಗಳನ್ನೇ ಕೂಡಿಸಿಬಿಟ್ಟರೆ ಮೊತ್ತ 1ನ್ನು ದಾಟುತ್ತದೆ. ಸೈನ್ ಬೆಲೆ ಎಂದೂ 1ನ್ನು ಮೀರದು. ಇಲ್ಲಿ ಬೇಕಾದದ್ದು ಕೂಡಿಕೆಯ ನಿತ್ಯಸಮೀಕರಣ: ಮೊದಲನೆಯದರ ಸೈನನ್ನು ಎರಡನೆಯದರ ಕೊಸೈನಿನಿಂದ ಗುಣಿಸಿ, ಮೊದಲನೆಯದರ ಕೊಸೈನನ್ನು ಎರಡನೆಯದರ ಸೈನಿನಿಂದ ಗುಣಿಸಿ, ಎರಡನ್ನೂ ಕೂಡಿಸಿ. ಬರುವ ಉತ್ತರ, ಆರರ ವರ್ಗಮೂಲಕ್ಕೆ ಎರಡರ ವರ್ಗಮೂಲ ಸೇರಿಸಿ ನಾಲ್ಕರಿಂದ ಭಾಗಿಸಿದಷ್ಟು. ಕ್ಯಾಲ್ಕುಲೇಟರ್ ತೋರಿಸುವ 0.9659 ಇದರ ಅಂದಾಜು ಮಾತ್ರ. ಕೂಡಿಸುವ ಬದಲು ಕಳೆದರೆ 15 ಡಿಗ್ರಿಯ ಸೈನ್ ಕೈಗೆ ಬರುತ್ತದೆ.

ಕೋನವನ್ನು ಅರ್ಧ ಮಾಡುವುದಕ್ಕೂ ಸೂತ್ರವಿದೆ. 1ರಿಂದ ಕೊಸೈನ್ ಕಳೆಯಿರಿ, ಎರಡರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಅರ್ಧಕೋನದ ಸೈನ್ ಸಿದ್ಧ. ವರಾಹಮಿಹಿರರ ‘ಪಂಚಸಿದ್ಧಾಂತಿಕಾ’ದಲ್ಲಿ ಈ ವಿಧಾನವಿದೆ. 30ನ್ನು ಹೀಗೆ ಮೂರು ಸಲ ಅರ್ಧಿಸಿದರೆ 15, ಏಳೂವರೆ, ಕೊನೆಗೆ ಮೂರೂಮುಕ್ಕಾಲು. ಗ್ರಹಗತಿಯ ಲೆಕ್ಕಕ್ಕಾಗಿ 499ರ ಸುಮಾರಿಗೆ ಆರ್ಯಭಟರು ಕೊಟ್ಟ 24 ಜ್ಯಾ, ಅಂದರೆ ಸೈನ್, ಬೆಲೆಗಳ ಕೋನಗಳ ನಡುವಿನ ಅಂತರ ಸರಿಯಾಗಿ ಈ ಮೂರೂಮುಕ್ಕಾಲು ಡಿಗ್ರಿ.

ಆದರೆ ಎಷ್ಟು ಅರ್ಧಿಸಿದರೂ, ಕೂಡಿ ಕಳೆದರೂ ಈ ಮೂರು ಕೋನಗಳಿಂದ 18 ಡಿಗ್ರಿ ಹುಟ್ಟುವುದಿಲ್ಲ. ಅದಕ್ಕೆ ಪಂಚಭುಜದ ಮೊರೆ ಹೋಗಬೇಕು. 1150ರ ‘ಸಿದ್ಧಾಂತ ಶಿರೋಮಣಿ’ಯ ಜ್ಯೋತ್ಪತ್ತಿ ಭಾಗದಲ್ಲಿ ಭಾಸ್ಕರಾಚಾರ್ಯರು 18 ಡಿಗ್ರಿಯ ಸೈನ್ ಬೆಲೆ ಕೊಡುತ್ತಾರೆ: ಐದರ ವರ್ಗಮೂಲದಿಂದ 1 ಕಳೆದು ನಾಲ್ಕರಿಂದ ಭಾಗಿಸಿ. ಇದು ಸಿಕ್ಕಿದ್ದೇ ತಡ, 18ರಿಂದ 15 ಕಳೆದರೆ 3. ಅಲ್ಲಿಂದ 3, 6, 9 ಎಂದು ಮೂರರ ಮಗ್ಗಿಯ ಕೋನಗಳೆಲ್ಲಕ್ಕೂ ನಿಖರ ಬೆಲೆ.

1 ಡಿಗ್ರಿಗೆ? ಮೂರರಿಂದ ಒಂದಕ್ಕೆ ಇಳಿಯಲು ಕೋನವನ್ನು ಮೂರು ಪಾಲು ಮಾಡಬೇಕು. ಆಗ ಎದುರಾಗುವುದು ಘನ ಸಮೀಕರಣ. ಬರೀ ವರ್ಗಮೂಲಗಳಿಂದ ಅದು ಬಿಡಿಸಿಕೊಳ್ಳುವುದಿಲ್ಲ. ಭಾಸ್ಕರಾಚಾರ್ಯರು ಇಲ್ಲಿ 573ರಲ್ಲಿ 10 ಪಾಲು ಎಂಬ ಅಂದಾಜನ್ನು ಬಳಸಿದರು. ಅದು ದಶಮಾಂಶದ ಆರನೇ ಸ್ಥಾನದವರೆಗೂ ಸರಿಹೊಂದುತ್ತದೆ. ಎಲ್ಲಿಯವರೆಗೆ ನಿಖರತೆ, ಎಲ್ಲಿಂದ ಅಂದಾಜು ಎಂಬ ಗಡಿಯನ್ನೂ ನಿತ್ಯಸಮೀಕರಣವೇ ತೋರಿಸಿಕೊಡುತ್ತದೆ.

ವಿದ್ಯಾರ್ಥಿಗಳಿಗೊಂದು ಲೆಕ್ಕ: 60ಕ್ಕೆ 45 ಸೇರಿಸಿ 105 ಡಿಗ್ರಿಯ ಸೈನ್ ಕಂಡುಹಿಡಿಯಿರಿ. ಉತ್ತರ 75ರದ್ದೇ ಬರುತ್ತದೆ. ಏಕೆ ಎಂಬುದನ್ನು ಚಿತ್ರ ಬರೆದು ನೋಡಿ.